ಮೊದಲ ಕೈಕೆಲಸ ಯಾವುದಿರಲಿ? ತಪ್ಪಿದರೆ ಬಿಚ್ಚಬಹುದಾ ಎಂದು ಮೊದಲು ಕೇಳಿ

ಹೊಸದಾಗಿ ಏನಾದರೂ ಕೈಕೆಲಸ ಕಲಿಯೋಣ ಅನ್ನಿಸಿದಾಗ ಹೆಚ್ಚಿನವರು ನೋಡುವುದು ಮುಗಿದ ವಸ್ತುವಿನ ಫೋಟೋ. ದಾರದ ಗೊಂಬೆ ಮುದ್ದಾಗಿದೆ, ಸರಿ, ಕ್ರೋಶೆ ಕಲಿಯೋಣ. ಮಣ್ಣಿನ ಬಟ್ಟಲು ಚಂದ ಇದೆ, ಕುಂಬಾರಿಕೆಗೆ ಸೇರೋಣ. ಆದರೆ ಆ ಫೋಟೋದ ಹಿಂದೆ ಇರುವುದು ಪಳಗಿದ ಕೈ. ಮೊದಲ ಕೆಲವು ವಾರ ನಮ್ಮ ಮುಂದೆ ಇರುವುದು ಸೊಟ್ಟ ಅಂಚು, ಬಿರುಕು, ದಾರದ ಗೋಜಲು. ಅದಕ್ಕೇ ಯಾರಾದರೂ ಸಲಹೆ ಕೇಳಿದರೆ ನಾನು ಮೊದಲು ಫೋಟೋ ಬದಿಗಿಡಿ ಅನ್ನುತ್ತೇನೆ. ಈ ಕೆಲಸದಲ್ಲಿ ತಪ್ಪಾದರೆ ಏನಾಗುತ್ತದೆ, ಅದನ್ನು ನೋಡಿ.

ಈ ಒಂದು ಪ್ರಶ್ನೆ ಹಿಡಿದು ನೋಡಿದರೆ ಕೈಕೆಲಸಗಳು ತಾವಾಗಿ ಬೇರೆ ಬೇರೆ ಗುಂಪಾಗುತ್ತವೆ. ಕ್ರೋಶೆ, ಹೆಣಿಗೆ, ಮಣಿ ಪೋಣಿಸುವುದು, ಗಂಟು ಹಾಕುವ ಮ್ಯಾಕ್ರಮೆ: ಇವನ್ನೆಲ್ಲ ಬಿಚ್ಚಿ ಮತ್ತೆ ಮಾಡಬಹುದು. ಜೇಡಿಮಣ್ಣನ್ನು ಸುಡುವವರೆಗೂ ತಿದ್ದಬಹುದು, ಆಮೇಲೆ ಇಲ್ಲ. ಬಟ್ಟೆ, ಕಾಗದ ತಿದ್ದಲು ಬಿಡುತ್ತವೆ, ಆದರೆ ಗುರುತು ಉಳಿಸಿಕೊಳ್ಳುತ್ತವೆ. ಮರ, ಲಿನೋ (ಅಚ್ಚು ಕೆತ್ತುವ ಲಿನೋಲಿಯಂ ಹಾಳೆ), ಚರ್ಮ ಮಾತ್ರ ಕತ್ತರಿಸಿದ್ದನ್ನು ವಾಪಸ್ ಕೊಡುವುದಿಲ್ಲ. ಯಾವುದು ಮೇಲು ಅಂತ ಹೇಳುತ್ತಿಲ್ಲ. ಬಿಚ್ಚಲು ಆಗದ ಕೆಲಸದಲ್ಲಿ ಒಂದು ಧೈರ್ಯ ಬರುತ್ತದೆ, ಕೆಲವರಿಗೆ ಅದೇ ಹಿಡಿಸುತ್ತದೆ. ಆದರೆ ತಪ್ಪಾದ ಕೂಡಲೇ ಬೇಸರ ಪಟ್ಟು ಎತ್ತಿಡುವ ಸ್ವಭಾವ ನಿಮ್ಮದಾಗಿದ್ದರೆ ದಾರದಿಂದ ಶುರು ಮಾಡುವುದೇ ಒಳ್ಳೆಯದು.

ಕ್ರೋಶೆಯೋ ಹೆಣಿಗೆಯೋ

ಹೊಸಬರು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲಿ. ಎರಡಕ್ಕೂ ಅದೇ ನೂಲು, ಎರಡೂ ಕುಣಿಕೆಯ ಕೆಲಸ. ದೂರದಿಂದ ನೋಡಿದರೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಕೈಯಲ್ಲಿ ಹಿಡಿದಾಗ ಇವು ಬೇರೆ ಬೇರೆ ಲೋಕಗಳು.

ಕ್ರೋಶೆಯಲ್ಲಿ ಇರುವುದು ಒಂದು ಕೊಕ್ಕೆ ಕಡ್ಡಿ. ಸಾಮಾನ್ಯವಾಗಿ ಯಾವ ಕ್ಷಣದಲ್ಲೂ ಬಿಚ್ಚಿಹೋಗಬಹುದಾದ ಕುಣಿಕೆ ಒಂದೇ. ಕೆಲಸ ನಿಲ್ಲಿಸಬೇಕಾ? ಆ ಕುಣಿಕೆಯನ್ನು ಸ್ವಲ್ಪ ಉದ್ದ ಎಳೆದು ಬಿಟ್ಟರೆ ಸಾಕು. ತಪ್ಪಾಯಿತಾ? ಕೊಕ್ಕೆ ತೆಗೆದು ದಾರ ಎಳೆಯಿರಿ. ಎಲ್ಲಿಯವರೆಗೆ ಬೇಕೋ ಅಲ್ಲಿಯವರೆಗೆ ಬಿಚ್ಚುತ್ತದೆ, ಮತ್ತೆ ಕೊಕ್ಕೆ ಸಿಕ್ಕಿಸಿ ಮುಂದುವರಿಸಬಹುದು. ಹೆಣಿಗೆಯಲ್ಲಿ ಹಾಗಲ್ಲ. ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಒಟ್ಟಿಗೆ ಕಾಯುತ್ತಿರುತ್ತವೆ. ಒಂದು ಜಾರಿದರೆ ಅದರ ಕೆಳಗಿನದೂ ಜಾರಿ, ನೇರ ಕೆಳಕ್ಕೆ ಏಣಿಯಂತೆ ಬಿಚ್ಚುತ್ತಾ ಹೋಗುತ್ತದೆ. ತಮಾಷೆ ಅಂದರೆ ಇದನ್ನು ಸರಿ ಮಾಡುವುದಕ್ಕೆ ಅನುಭವಸ್ಥರು ಬಳಸುವುದು ಕ್ರೋಶೆ ಕೊಕ್ಕೆಯನ್ನೇ. ಕಷ್ಟವಲ್ಲ, ಆದರೆ ಮೊದಲ ವಾರದಲ್ಲಿ ಎದೆ ಧಸಕ್ ಅನ್ನುತ್ತದೆ.

ಹಾಗಾದರೆ ಕ್ರೋಶೆಯೇ ಸುಲಭವಾ? ಪೂರ್ತಿ ಹಾಗೇನಿಲ್ಲ. ಹೆಣಿಗೆಯಲ್ಲಿ ಮೂಲ ಚಲನೆ ಎರಡೇ, ನಿಟ್ (ಸೀದಾ ಕುಣಿಕೆ) ಮತ್ತು ಪರ್ಲ್ (ಉಲ್ಟಾ ಕುಣಿಕೆ). ಅವೆರಡು ಬಂದರೆ ಮಫ್ಲರ್ ಹೆಣೆಯಬಹುದು. ಕಡ್ಡಿಯ ಮೇಲೆ ಎಷ್ಟು ಕುಣಿಕೆ ಇದೆ ಎಂದು ಕಣ್ಣಿಗೇ ಕಾಣುತ್ತದೆ. ಕ್ರೋಶೆಯಲ್ಲಿ ಮುಂದಿನ ಹೊಲಿಗೆಗೆ ಕೊಕ್ಕೆ ಎಲ್ಲಿ ಚುಚ್ಚಬೇಕು ಎಂದು ನಾವೇ ಹುಡುಕಬೇಕು. ಸಾಲಿನ ಮೊದಲ ಅಥವಾ ಕೊನೆಯ ಹೊಲಿಗೆ ತಪ್ಪಿಹೋಗುವುದು ಅದಕ್ಕೇ. ಚೌಕ ಮಾಡಲು ಹೊರಟಿದ್ದು ಮೇಲೆ ಹೋಗುತ್ತಾ ಕಿರಿದಾಗಿದ್ದರೆ ಕಾರಣ ಇದೇ ಎಂದು ತಿಳಿಯಿರಿ. ಪ್ರತಿ ಸಾಲಿನ ಕೊನೆಗೆ ಎಣಿಸಿ. ಮೊದಲ ಹೊಲಿಗೆಗೆ ಒಂದು ಪಿನ್ನು ಸಿಕ್ಕಿಸಿಟ್ಟರೆ ಇನ್ನೂ ಸುಲಭ.

ಏನು ಮಾಡಬೇಕು ಅಂತಿದ್ದೀರಿ ಎನ್ನುವುದೂ ಮುಖ್ಯ. ಹೆಣೆದ ಬಟ್ಟೆ ತೆಳು, ಹಿಗ್ಗುತ್ತದೆ, ಮೈಗೆ ಒಪ್ಪುತ್ತದೆ. ಸ್ವೆಟರು, ಕಾಲುಚೀಲ, ಟೋಪಿಗೆ ಅದೇ ಸರಿ. ಕ್ರೋಶೆಯ ಬಟ್ಟೆ ದಪ್ಪ, ಗಟ್ಟಿ, ಆಕಾರ ಉಳಿಸಿಕೊಳ್ಳುತ್ತದೆ, ನೂಲೂ ಜಾಸ್ತಿ ತಿನ್ನುತ್ತದೆ. ಗೊಂಬೆ, ಚೀಲ, ಬುಟ್ಟಿ, ಚೌಕ ಚೌಕ ಜೋಡಿಸಿ ಮಾಡುವ ಹೊದಿಕೆಗೆ ಇದು. ಇನ್ನೊಂದು ವಿಷಯ. ಇಂಗ್ಲೆಂಡಿನ ವಿಲಿಯಂ ಲೀ ಹೆಣಿಗೆ ಯಂತ್ರ ಮಾಡಿದ್ದು 1589ರಲ್ಲಿ. ಕ್ರೋಶೆಯನ್ನು ಕೈಯಂತೆಯೇ ಮಾಡುವ ಯಂತ್ರ ಮಾತ್ರ ಇವತ್ತಿಗೂ ಮಾರುಕಟ್ಟೆಗೆ ಬಂದಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ನೇತುಹಾಕಿರುವ ಕ್ರೋಶೆ ಅಂಗಿಯ ಹಿಂದೆ ಯಾರದೋ ಗಂಟೆಗಟ್ಟಲೆ ದುಡಿಮೆ ಇದೆ ಅಂತಾಯಿತು. ಕಲಿಯಲು ಕೂತ ಮೇಲೆ ಅದರ ಬೆಲೆಪಟ್ಟಿ ನೋಡಿದರೆ ಸ್ವಲ್ಪ ಇರುಸುಮುರುಸಾಗುತ್ತದೆ.

ಶುರು ಮಾಡಲು 5 ಮಿಲಿಮೀಟರ್ ಕೊಕ್ಕೆ ಅಥವಾ 4.5–5 ಮಿಲಿಮೀಟರ್ ಕಡ್ಡಿ, ಮಧ್ಯಮ ದಪ್ಪದ ನುಣುಪಾದ ನೂಲು, ತಿಳಿ ಬಣ್ಣ. ಕಪ್ಪು ನೂಲಿನಲ್ಲಿ ಹೊಲಿಗೆ ಕಾಣುವುದಿಲ್ಲ. ಜುಂಗು ಜುಂಗಾದ ಎಳೆಗಳಿರುವ ನೂಲನ್ನು ಬಿಚ್ಚಲು ಹೋದರೆ ಒಂದಕ್ಕೊಂದು ಅಂಟಿಕೊಂಡು ಪ್ರಾಣ ಹಿಂಡುತ್ತದೆ. ಹೊಸಬರು ಆಸೆಪಟ್ಟು ತರುವುದು ಮಾತ್ರ ಅದನ್ನೇ!

ಬರೆದಿಟ್ಟ ಕ್ರೋಶೆ ಮಾದರಿ (ಪ್ಯಾಟರ್ನ್) ಓದುವವರಿಗೆ ಒಂದು ಎಚ್ಚರಿಕೆ. ಅಮೆರಿಕದವರು ಸಿಂಗಲ್ ಕ್ರೋಶೆ ಎನ್ನುವ ಹೊಲಿಗೆಯನ್ನು ಬ್ರಿಟನ್ನಿನವರು ಡಬಲ್ ಕ್ರೋಶೆ ಎನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟನ್ನಿನಲ್ಲಿ ಟ್ರೆಬಲ್. ಮಾದರಿಯಲ್ಲಿ ಸಿಂಗಲ್ ಕ್ರೋಶೆ ಅಂತ ಎಲ್ಲಾದರೂ ಬಂದರೆ ಅದು ಅಮೆರಿಕದ ಲೆಕ್ಕ. ಇದು ಗೊತ್ತಿಲ್ಲದೆ ಶುರು ಮಾಡಿದರೆ ಟೋಪಿ ಮಾಡಲು ಹೋಗಿ ಇನ್ನೇನೋ ಆಗಬಹುದು.

ಮ್ಯಾಕ್ರಮೆ: ಬೇಗ ಮುಗಿಯಬೇಕು ಅನ್ನುವವರಿಗೆ

ಇದಕ್ಕೆ ಕಡ್ಡಿಯೂ ಬೇಡ, ಸೂಜಿಯೂ ಬೇಡ. 3ರಿಂದ 5 ಮಿಲಿಮೀಟರ್ ದಪ್ಪದ ಹತ್ತಿ ಹಗ್ಗ, ಒಂದು ಕೋಲು, ಕತ್ತರಿ. ಮೂರ್ನಾಲ್ಕು ಗಂಟು ಬಂದರೆ ಗೋಡೆಗೆ ನೇತುಹಾಕುವ ಸಣ್ಣದೊಂದು ಅಲಂಕಾರ ಒಂದೇ ಸಂಜೆಗೆ ಮುಗಿಯುತ್ತದೆ. ತಪ್ಪಿದ ಗಂಟನ್ನು ಬಿಚ್ಚಬಹುದು. ಆದರೆ ಹಗ್ಗವನ್ನು ಮೊದಲೇ ಗಿಡ್ಡ ಕತ್ತರಿಸಿದ್ದರೆ ಮಧ್ಯದಲ್ಲಿ ಸಾಲದೆ ನಿಲ್ಲಬೇಕಾಗುತ್ತದೆ, ಅದಕ್ಕೆ ಚಂದದ ಪರಿಹಾರ ಇಲ್ಲ. ಸಾಮಾನ್ಯ ಲೆಕ್ಕ ಹೀಗೆ: ಮುಗಿದ ವಸ್ತುವಿನ ಉದ್ದದ ನಾಲ್ಕು ಪಟ್ಟು. ಹಗ್ಗವನ್ನು ನಡುವೆ ಮಡಚಿ ಕೋಲಿಗೆ ಕಟ್ಟುವುದಾದರೆ ಎಂಟು ಪಟ್ಟು. ಗಂಟು ಒತ್ತಾಗಿದ್ದರೆ ಇನ್ನೂ ಬೇಕು. ಕೆಲವರಿಗೆ ಇದು ಬೇಗ ಸಾಕೂ ಆಗುತ್ತದೆ. ಗಂಟಿನ ಬಗೆ ಕಡಿಮೆ ಅಂತಲ್ಲ, ಗೋಡೆಗೆ ಎಷ್ಟು ಅಂತ ನೇತುಹಾಕುವುದು?

ಕಸೂತಿಯಲ್ಲಿ ಎರಡು ದಾರಿ

ಕಸೂತಿಗೆ ಬರುವವರು ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಬೇಕು. ಚೌಕ ಎಣಿಸುತ್ತಾ ಹೋಗುವುದು ನಿಮಗೆ ಸಮಾಧಾನ ಕೊಡುತ್ತದಾ, ಅಥವಾ ಕಟ್ಟಿಹಾಕಿದ ಹಾಗೆ ಅನ್ನಿಸುತ್ತದಾ?

ಎಣಿಸುವುದು ಇಷ್ಟವಾದರೆ ಕ್ರಾಸ್ ಸ್ಟಿಚ್. ಅದಕ್ಕಾಗಿಯೇ ನೇಯ್ದ ಐಡಾ ಬಟ್ಟೆಯಲ್ಲಿ ತೂತುಗಳು ಕಾಣುವ ಹಾಗೆ ಇರುತ್ತವೆ. ಹೊಸಬರಿಗೆ ಸಾಮಾನ್ಯವಾಗಿ 14ರ ಬಟ್ಟೆ, ಅಂದರೆ ಒಂದು ಇಂಚಿಗೆ 14 ಅಡ್ಡಗುರುತು (× ಆಕಾರದ ಹೊಲಿಗೆ). ಚಿತ್ರ ಬಿಡಿಸಲು ಬರಲೇಬೇಕಿಲ್ಲ, ಚಾರ್ಟ್ ನೋಡಿ ಎಣಿಸಿದರೆ ಆಯಿತು. ಪ್ರತಿ ಗುರುತಿನ ಮೇಲಿನ ಎಳೆ ಒಂದೇ ದಿಕ್ಕಿಗೆ ಇರಬೇಕು, ಬಟ್ಟೆಯ ನಡುವಿನಿಂದ ಶುರು ಮಾಡಬೇಕು, ಇಷ್ಟೇ ನಿಯಮ. ಆದರೆ ಗಾತ್ರದಲ್ಲಿ ಮೋಸ ಹೋಗಬೇಡಿ. 70 ಗುರುತು ಅಗಲ, 98 ಗುರುತು ಎತ್ತರದ ಚಿತ್ರ ಈ ಬಟ್ಟೆಯ ಮೇಲೆ ಬರುವುದು 5 ಇಂಚು ಅಗಲ, 7 ಇಂಚು ಎತ್ತರಕ್ಕೆ. ನೋಡಲು ಪುಟ್ಟದು. ಪೂರ್ತಿ ತುಂಬಿಸಿದರೆ 6,860 ಗುರುತು. ಗಂಟೆಗೆ ನೂರು ಹಾಕಿದರೂ 68 ಗಂಟೆ ದಾಟುತ್ತದೆ. ಮೊದಲ ಸಲಕ್ಕೆ 30 ಅಗಲ, 30 ಎತ್ತರದೊಳಗಿನ ಚಿತ್ರ ಸಾಕು.

ಎಣಿಸುವುದು ಬೇಡ ಅನ್ನುವವರ ಕಸೂತಿಯಲ್ಲಿ ಗೆರೆ ಎಳೆದು ಅದರ ಮೇಲೆ ಹೊಲಿಯುವುದು. ರನ್ನಿಂಗ್, ಬ್ಯಾಕ್ ಸ್ಟಿಚ್, ಸರಪಳಿ ಹೊಲಿಗೆ, ಸ್ಯಾಟಿನ್, ಫ್ರೆಂಚ್ ಗಂಟು: ಈ ಐದರಲ್ಲಿ ಬಹಳಷ್ಟು ಮಾಡಬಹುದು. ಕಸೂತಿ ದಾರ ಆರು ಎಳೆಗಳದ್ದು. ಆರನ್ನೂ ಸೂಜಿಗೆ ಪೋಣಿಸಿ ಒದ್ದಾಡಬೇಡಿ, ಎರಡೋ ಮೂರೋ ಎಳೆ ಬೇರೆ ಮಾಡಿಕೊಳ್ಳಿ. ಉದ್ದ ಬೆರಳ ತುದಿಯಿಂದ ಮೊಣಕೈವರೆಗೆ, ಸುಮಾರು 45 ಸೆಂಟಿಮೀಟರ್. ಅದಕ್ಕಿಂತ ಉದ್ದವಾದರೆ ಪ್ರತಿ ಸಲ ಬಟ್ಟೆಯೊಳಗೆ ಎಳೆದು ಎಳೆದು ದಾರ ಜುಂಗು ಏಳುತ್ತದೆ, ಗಂಟೂ ಬೀಳುತ್ತದೆ. ನೀರಿಗೆ ಹೋಗುವ ಪೆನ್ನಿನಿಂದ ಗೆರೆ ಎಳೆದಿದ್ದರೆ ಮೊದಲು ತೊಳೆಯಿರಿ, ಆಮೇಲೆ ಇಸ್ತ್ರಿ. ಉಲ್ಟಾ ಮಾಡಿದರೆ ಬಿಸಿಗೆ ಗೆರೆ ಅಲ್ಲೇ ಕೂತುಬಿಡಬಹುದು.

ತಪ್ಪಿನ ವಿಷಯಕ್ಕೆ ಬಂದರೆ, ಕಸೂತಿಯನ್ನು ಬಿಚ್ಚಬಹುದು, ಆದರೆ ಬಿಚ್ಚಿದ ದಾರವನ್ನು ಮತ್ತೆ ಬಳಸುವ ಹಾಗಿರುವುದಿಲ್ಲ. ಬಟ್ಟೆಯ ಮೇಲೆ ತೂತಿನ ಗುರುತು ಉಳಿಯುತ್ತದೆ. ಒತ್ತಾಗಿ ನೇಯ್ದ ಹತ್ತಿ ಬಟ್ಟೆಯಾದರೆ ಉಗುರಿನಿಂದ ಉಜ್ಜಿ ತೊಳೆದರೆ ಬಹಳಷ್ಟು ಮುಚ್ಚಿಕೊಳ್ಳುತ್ತದೆ. ಹಿಗ್ಗುವ ಬಟ್ಟೆಯ ಮೇಲೆ ಕಲಿಯಲು ಹೋಗಬೇಡಿ. ಟೀ ಶರ್ಟಿನ ಮೇಲೆ ಹೂ ಹಾಕುವ ಆಸೆ ಎಲ್ಲರಿಗೂ ಇರುತ್ತದೆ ಅಲ್ವಾ, ಅದು ಎರಡನೇ ಹಂತಕ್ಕಿರಲಿ.

ಕಾಗದ

ಎಲ್ಲಕ್ಕಿಂತ ಕಡಿಮೆ ಖರ್ಚು ಕಾಗದ ಮಡಿಸುವುದಕ್ಕೆ. ಇವತ್ತೇ ಶುರು ಮಾಡಬಹುದು. 15 ಸೆಂಟಿಮೀಟರ್ ಚೌಕ ಕಾಗದ ಕೈಗೆ ಹದ. ಜಪಾನಿನ ಅಕಿರಾ ಯೋಶಿಜಾವಾ ರೂಪಿಸಿದ ಗೆರೆ ಮತ್ತು ಬಾಣದ ಚಿಹ್ನೆಗಳನ್ನೇ ಇವತ್ತೂ ಜಗತ್ತೆಲ್ಲ ಬಳಸುತ್ತದೆ. ತುಂಡು ಗೆರೆ ಅಂದರೆ ಒಳಮಡಿಕೆ, ತುಂಡು ಗೆರೆಯ ನಡುವೆ ಚುಕ್ಕಿ ಇದ್ದರೆ ಹೊರಮಡಿಕೆ. ಇಷ್ಟು ಗೊತ್ತಿದ್ದರೆ ಯಾವ ಭಾಷೆಯ ಪುಸ್ತಕವನ್ನೂ ನೋಡಿ ಮಡಿಸಬಹುದು. ಆದರೆ ಒಮ್ಮೆ ಬಿದ್ದ ಮಡಿಕೆಯ ಗೆರೆ ಹೋಗುವುದಿಲ್ಲ. ಮೊದಲ ಮಡಿಕೆಯಲ್ಲಿ ಕೂದಲೆಳೆ ಓರೆಯಾದರೂ ಹತ್ತನೇ ಮಡಿಕೆ ಹೊತ್ತಿಗೆ ಅದು ಎದ್ದು ಕಾಣುತ್ತದೆ. ನಿಧಾನ, ನಿಖರ ಇಷ್ಟವಾದವರಿಗೆ ಇದು ಹಬ್ಬ. ಉಳಿದವರಿಗೆ ತಲೆನೋವು.

ಕ್ವಿಲಿಂಗ್‌ನಲ್ಲಿ ತೆಳ್ಳನೆ ಕಾಗದದ ಪಟ್ಟಿ ಸುತ್ತಿ ಅಂಟಿಸುವುದು. ಬೇಗ ಬರುತ್ತದೆ. ಅಂಟು ಜಾಸ್ತಿ ಹಾಕದಿದ್ದರೆ ಸಾಕು.

ಕಾಗದದ ಕೆಲಸಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆ ಇರುವುದು ಪುಸ್ತಕ ಹೊಲಿಯುವುದರ ಬಗ್ಗೆ. ಯಾಕೋ ಹೊಸಬರ ಪಟ್ಟಿಯಲ್ಲಿ ಇದರ ಹೆಸರೇ ಬರುವುದಿಲ್ಲ. ಕೆಲವು ಹಾಳೆ ಮಡಚಿ ಒಂದರೊಳಗೊಂದು ಇಟ್ಟು, ಮಡಿಕೆಯ ಮೇಲೆ ಮೂರು ತೂತು ಹಾಕಿ, ದಾರ ಪೋಣಿಸಿ ಗಂಟು ಹಾಕಿದರೆ ಒಂದು ಪುಟ್ಟ ನೋಟ್‌ಬುಕ್. ಒಂದು ಗಂಟೆಯೊಳಗೆ ಮುಗಿಯುತ್ತದೆ, ನಾಳೆಯಿಂದಲೇ ಬಳಸಬಹುದು. ತಿಳಿದಿರಬೇಕಾದ ಗುಟ್ಟು ಒಂದು: ಕಾಗದಕ್ಕೂ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿ, ಒಂದು ಕಡೆ ಸಲೀಸಾಗಿ ಬಾಗುತ್ತದೆ. ಆ ಬಾಗಿನ ಗೆರೆ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಇರಬೇಕು. ಅಡ್ಡ ಹಾಕಿದರೆ ಪುಟ ಸೆಟೆದು ನಿಲ್ಲುತ್ತದೆ, ಪುಸ್ತಕ ಸರಿಯಾಗಿ ಮುಚ್ಚುವುದಿಲ್ಲ. ಇಲ್ಲಿ ತಪ್ಪಾದರೆ ಹೋಗುವುದು ಒಂದಿಷ್ಟು ಹಾಳೆ ಮಾತ್ರ.

ಮಣ್ಣು, ಮತ್ತು ಮಣ್ಣಿನ ಹೆಸರಿನವು

ಅಂಗಡಿಯಲ್ಲಿ ಕ್ಲೇ ಅಂತ ಬರೆದದ್ದೆಲ್ಲ ಒಂದೇ ಅಲ್ಲ. ಮೂರು ಬಗೆ ಇವೆ, ಮೂರಕ್ಕೂ ಬೇರೆ ಬೇರೆ ಸ್ವಭಾವ.

ಗಾಳಿಗೆ ಒಣಗುವ ಮಣ್ಣಿಗೆ ಸುಡುವ ಕೆಲಸ ಇಲ್ಲ. ದಪ್ಪ ನೋಡಿಕೊಂಡು ಒಂದರಿಂದ ಮೂರು ದಿನದಲ್ಲಿ ಒಣಗುತ್ತದೆ. ಬಿಸಿಲಿಗೋ ಫ್ಯಾನಿನ ಕೆಳಗೋ ಇಟ್ಟರೆ ಬಿರುಕು ಬಿಡುತ್ತದೆ. ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ ಇದ್ದರೂ ಅದೇ ಕಥೆ. ನೆರಳಲ್ಲಿ ಮೆಲ್ಲಗೆ ಒಣಗಿಸಿ, ನಡುನಡುವೆ ತಿರುಗಿಸಿಡಿ. ಇದರಲ್ಲಿ ಮಾಡಿದ ಬಟ್ಟಲಿಗೆ ನೀರು ಹಾಕುವ ಹಾಗಿಲ್ಲ. ಅಲಂಕಾರಕ್ಕೆ, ಸಣ್ಣಪುಟ್ಟ ಸಾಮಾನು ಇಡುವುದಕ್ಕೆ ಸರಿ.

ಪಾಲಿಮರ್ ಕ್ಲೇ ಅಸಲಿಗೆ ಮಣ್ಣೇ ಅಲ್ಲ, ಅದು ಪ್ಲಾಸ್ಟಿಕ್. ತಾನಾಗಿ ಒಣಗುವುದಿಲ್ಲ, ಹಾಗಾಗಿ ದಿನಗಟ್ಟಲೆ ತಿದ್ದುತ್ತಾ ಕೂರಬಹುದು. ಓಲೆ, ಮಣಿ, ಕೀ ಚೈನಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಓವನ್‌ನಲ್ಲಿ ಸುಮಾರು 110ರಿಂದ 135 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಬೇಕು, ಸರಿಯಾದ ಅಂಕಿ ಪೊಟ್ಟಣದ ಮೇಲೆ ಇರುತ್ತದೆ. ಮೈಕ್ರೋವೇವ್ ಮಾತ್ರ ಬೇಡ. ಕರಟಿದರೆ ಕೆಟ್ಟ ಹೊಗೆ ಬರುತ್ತದೆ. ಓವನ್ನಿನ ಮುಳ್ಳನ್ನು ಪೂರ್ತಿ ನಂಬುವ ಬದಲು ಒಳಗೆ ಒಂದು ಥರ್ಮಾಮೀಟರ್ ಇಡಿ.

ಇನ್ನು ನಿಜವಾದ ಜೇಡಿಮಣ್ಣು. ಇದರ ಮಜವೇ ಬೇರೆ. ಸುಡುವ ಮುಂಚೆ ಯಾವ ಹಂತದಲ್ಲೂ ಕೈಬಿಡಬಹುದು. ಪೂರ್ತಿ ಒಣಗಿದ ಪಾತ್ರೆಯನ್ನೂ ನೀರಿನಲ್ಲಿ ಹಾಕಿಟ್ಟರೆ ಕರಗಿ ಮತ್ತೆ ಮಣ್ಣಾಗುತ್ತದೆ. ಒಮ್ಮೆ ಆವಿಗೆಗೆ (ಪಾತ್ರೆ ಸುಡುವ ಗೂಡಿಗೆ) ಹೋಗಿ ಬಂದರೆ ಮುಗಿಯಿತು, ಮತ್ತೆ ಮೆತ್ತಗಾಗುವುದಿಲ್ಲ. ಮೊದಲ ಸುಡುವಿಕೆ ಸುಮಾರು 1,000 ಡಿಗ್ರಿಯಲ್ಲಿ. ಗಟ್ಟಿ ಸ್ಟೋನ್‌ವೇರ್ ಪಾತ್ರೆಗೆ 1,200 ಡಿಗ್ರಿಗೂ ಮೇಲೆ. ಇದು ಮನೆಯ ಓವನ್ನಿನ ಮಾತಲ್ಲ, ಹಾಗಾಗಿ ಆವಿಗೆ ಇರುವ ಜಾಗಕ್ಕೆ ಹೋಗಿಯೇ ಕಲಿಯಬೇಕು. ಒಳಗೆ ತೇವ ಉಳಿದಿದ್ದರೆ ಬಿಸಿಗೆ ಆವಿಯಾಗಿ ಪಾತ್ರೆ ಸಿಡಿಯುತ್ತದೆ, ಪಕ್ಕದವರ ಪಾತ್ರೆಗೂ ಏಟು. ಒಣಗಿ ಸುಟ್ಟಾಗ ಗಾತ್ರವೂ ಕುಗ್ಗುತ್ತದೆ.

ಎಲ್ಲರ ಕಣ್ಣೂ ತಿಗರಿಯ (ಕುಂಬಾರನ ಚಕ್ರದ) ಮೇಲೆ. ಆದರೆ ತಿಗರಿಯಲ್ಲಿ ಮಣ್ಣಿನ ಮುದ್ದೆಯನ್ನು ಅಲುಗಾಡದ ಹಾಗೆ ನಡುವಿಗೆ ತರುವುದಕ್ಕೇ ಬಹಳ ಅಭ್ಯಾಸ ಬೇಕು. ಒಂದೇ ಕ್ಲಾಸಿಗೆ ಹೋಗುವ ಅವಕಾಶ ಇದ್ದರೆ ಕೈಯಲ್ಲೇ ಮಾಡುವುದನ್ನು ಕಲಿಯಿರಿ. ಉಂಡೆ ಮಾಡಿ ಹೆಬ್ಬೆರಳಿನಿಂದ ಒತ್ತಿ ಬಟ್ಟಲು ಮಾಡುವುದು, ಹೊಸೆದ ಎಳೆ ಸುತ್ತಿ ಏರಿಸುವುದು, ಹಲಗೆಯಂತೆ ತಟ್ಟಿ ಜೋಡಿಸುವುದು. ಜೋಡಿಸುವ ಕಡೆ ಗೀರು ಹಾಕಿ, ನೀರು ಕಲಸಿದ ಮಣ್ಣು ಸವರಿ ಒತ್ತಬೇಕು. ಸುಮ್ನೆ ಅಂಟಿಸಿದ ಹಿಡಿ ಒಣಗುವಾಗ ಕಳಚಿ ಬೀಳುತ್ತದೆ. ಕೆಲಸ ಆದ ಮೇಲೆ ಒಣ ಪೊರಕೆ ಹಿಡಿಯಬೇಡಿ. ಮಣ್ಣಿನ ದೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಕತ್ತರಿಸಿದ್ದು ವಾಪಸ್ ಬರದ ಕೆಲಸಗಳು

ಮರ ಕೆತ್ತುವುದಕ್ಕೆ ಒಂದು ಒಳ್ಳೆಯ ಚಾಕು, ಬಾಸ್‌ವುಡ್‌ನಂಥ ಮೆತ್ತನೆ ಮರ, ಮರ ಹಿಡಿಯುವ ಕೈಗೆ ಚಾಕುವಿಗೆ ಕತ್ತರಿಸಿಹೋಗದ ಗ್ಲೌಸ್. ಚಾಕು ಹರಿತವಾಗಿರಬೇಕು. ಮೊಂಡು ಚಾಕುವಿಗೆ ಬಲ ಜಾಸ್ತಿ ಹಾಕುತ್ತೇವೆ, ಆಗಲೇ ಜಾರುವುದು. ನಾರಿನ ದಿಕ್ಕಿಗೆ ಹೋದರೆ ಸಿಪ್ಪೆ ಸುರುಳಿಯಾಗಿ ಬರುತ್ತದೆ, ಎದುರು ಹೋದರೆ ಚಾಕು ಒಳಗೆ ಇಳಿದು ಮರ ಸೀಳುತ್ತದೆ. ಮರ ಹೀಗೆ ಆಗಾಗ ಮಾತನಾಡುವುದರಿಂದಲೇ ಕೆಲವರು ಇದಕ್ಕೆ ಅಂಟಿಕೊಳ್ಳುತ್ತಾರೆ. ಇಲ್ಲಿ ತಪ್ಪಾದರೆ ಮಾಡುವುದೇನು? ಚಿತ್ರ ಬದಲಾಯಿಸುವುದು. ಕೊಕ್ಕು ಹಾರಿದ ಗೂಬೆ ಚಿಕ್ಕದೊಂದು ಗೂಬೆಯಾಗುತ್ತದೆ. ಟಿವಿ ನೋಡುತ್ತಾ ಮಾಡುವ ಕೆಲಸ ಮಾತ್ರ ಅಲ್ಲ.

ಲಿನೋ ಅಚ್ಚು ಇನ್ನೊಂದು ಬಗೆ. ಬಿಳಿಯಾಗಿ ಉಳಿಯಬೇಕಾದ ಜಾಗವನ್ನು ಉಳಿಯಿಂದ ತೆಗೆಯುತ್ತೀರಿ, ಉಳಿದ ಭಾಗಕ್ಕೆ ಮಸಿ ಹತ್ತುತ್ತದೆ. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತದೆ, ಅಕ್ಷರ ಇದ್ದರೆ ತಿರುಗಿಸಿಯೇ ಕೆತ್ತಬೇಕು. ಲಿನೋ ಗಟ್ಟಿ ಅನ್ನಿಸಿದರೆ ಸ್ವಲ್ಪ ಬೆಚ್ಚಗೆ ಮಾಡಿ, ಮೆತ್ತಗಾಗುತ್ತದೆ. ಇನ್ನೊಂದು ಕೈ ಯಾವಾಗಲೂ ಉಳಿಯ ಹಿಂದೆ ಇರಲಿ. ಕೆತ್ತುವ ಕೆಲಸದಲ್ಲಿ ನಾನು ಹೊಸಬರಿಗೆ ಇದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಕೆತ್ತನೆ ಸ್ವಲ್ಪ ಒರಟಾದರೂ ಅಚ್ಚಿನಲ್ಲಿ ಅದು ಚೆಂದವೇ ಕಾಣುತ್ತದೆ.

ರೆಸಿನ್ (ಅಚ್ಚಿಗೆ ಸುರಿದು ಗಟ್ಟಿ ಮಾಡುವ ದ್ರವ ಪ್ಲಾಸ್ಟಿಕ್), ಸೋಪು, ಮೇಣದಬತ್ತಿ: ವಿಡಿಯೋದಲ್ಲಿ ಇವು ಬಹಳ ಸುಲಭ ಕಾಣುತ್ತವೆ. ಇವು ಕೈಚಳಕಕ್ಕಿಂತ ಅಳತೆಯ ಕೆಲಸಗಳು, ಮೊದಲನೆಯದಾಗಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ರೆಸಿನ್ ಎರಡು ದ್ರವ ಬೆರೆಸಿದ ಕ್ಷಣದಿಂದ ಗಟ್ಟಿಯಾಗತೊಡಗುತ್ತದೆ, ಯಾರೋ ಬಾಗಿಲು ಬಡಿದರು ಅಂತ ಎದ್ದು ಹೋಗುವ ಹಾಗಿಲ್ಲ. ಚರ್ಮಕ್ಕೆ ತಾಗುತ್ತಾ ಹೋದರೆ ಅಲರ್ಜಿ ಶುರುವಾಗಬಹುದು, ಗ್ಲೌಸ್ ಮತ್ತು ಗಾಳಿಯಾಡುವ ಕೋಣೆ ಬೇಕೇ ಬೇಕು. ಸೋಪಿಗೆ ಕಾಸ್ಟಿಕ್ ಸೋಡಾ ಬೇಕು. ಅದನ್ನು ನೀರಿಗೆ ಸುರಿಯಬೇಕು, ಅದರ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ, ಅಳತೆ ತಕ್ಕಡಿಯಲ್ಲೇ. ಅಚ್ಚಿನಿಂದ ತೆಗೆದ ಮೇಲೂ 4ರಿಂದ 6 ವಾರ ಇಟ್ಟು ಹದ ಮಾಡಬೇಕು. ಮೇಣವನ್ನು ನೇರ ಉರಿಯ ಮೇಲೆ ಇಡದೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಬೆಂಕಿ ಹತ್ತಿಕೊಂಡರೆ ನೀರು ಹಾಕಬೇಡಿ, ಮುಚ್ಚಳ ಮುಚ್ಚಿ ಉರಿ ಆರಿಸಿ.

ಹಲವನ್ನು ಒಟ್ಟಿಗೆ ರುಚಿ ನೋಡುವವರಿಗೆ

ಒಂದೇ ಸಲ ಎರಡು ಕೆಲಸ ಇಟ್ಟುಕೊಳ್ಳುವುದಾದರೆ ಬೇರೆ ಬೇರೆ ಸ್ವಭಾವದವನ್ನು ಜೋಡಿ ಮಾಡಿ. ಕ್ರೋಶೆ ಮತ್ತು ಲಿನೋ ಒಳ್ಳೆಯ ಜೋಡಿ. ಒಂದನ್ನು ಮಾತಾಡುತ್ತಾ ಮಾಡಬಹುದು, ಇನ್ನೊಂದು ಪೂರ್ತಿ ಗಮನ ಕೇಳುತ್ತದೆ. ಕ್ರಾಸ್ ಸ್ಟಿಚ್ ಜೊತೆಗೆ ಪುಸ್ತಕ ಹೊಲಿಗೆ ಇರಲಿ, ಒಂದು ತಿಂಗಳುಗಟ್ಟಲೆ ಎಳೆದರೂ ಇನ್ನೊಂದು ಆಗಾಗ ಮುಗಿದ ಖುಷಿ ಕೊಡುತ್ತದೆ. ಕ್ರೋಶೆ, ಹೆಣಿಗೆ ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ನೂಲು ಹಿಡಿಯುವ ಬಗೆಯಲ್ಲೇ ಕೈ ಗೊಂದಲಕ್ಕೆ ಬೀಳುತ್ತದೆ. ಮಣಿಕಟ್ಟು ನೋಯುವವರು ಬಿಗಿಯಾದ ಕ್ರೋಶೆ ಮತ್ತು ಮರ ಕೆತ್ತನೆಯನ್ನು ಒಂದೇ ವಾರ ಮಾಡದಿರುವುದು ಒಳಿತು. ಮನೆಯಲ್ಲಿ ಮಗುವೋ ಬೆಕ್ಕೋ ಇದ್ದರೆ ಸೂಜಿ ಮತ್ತು ಮಣಿಯನ್ನು ಮುಚ್ಚಳ ಇರುವ ಡಬ್ಬದಲ್ಲೇ ಇಡಿ.

ಕಿಟ್ ತರಬೇಕಾ ಬೇಡವಾ? ಕಸೂತಿಗೆ ಕಿಟ್ ಒಳ್ಳೆಯದೇ, ಬಣ್ಣ ಬಣ್ಣದ ದಾರವನ್ನು ಲಡಿಗಟ್ಟಲೆ ಕೊಳ್ಳುವುದು ತಪ್ಪುತ್ತದೆ. ಕ್ರೋಶೆ ಗೊಂಬೆಯ ಕಿಟ್ ಮೊದಲ ದಿನವೇ ಕಷ್ಟದ ಕೆಲಸಕ್ಕೆ ಇಳಿಸುತ್ತದೆ. ಅದರ ಬದಲು ಒಂದು ಕೊಕ್ಕೆ, ಒಂದು ಉಂಡೆ ನೂಲು ಸಾಕು. ಕೆತ್ತನೆಯ ಅಗ್ಗದ ಸೆಟ್‌ಗಳಲ್ಲಿ ಉಳಿ ಹನ್ನೆರಡಿದ್ದರೂ ಒಂದೂ ಹರಿತ ಇರುವುದಿಲ್ಲ. ಆ ದುಡ್ಡಿಗೆ ಒಂದೇ ಒಳ್ಳೆಯ ಉಳಿ ತನ್ನಿ.

ಯಾವುದನ್ನೇ ಆಗಲಿ, ಒಂದು ವಸ್ತು ಮಾಡಿ ತೀರ್ಪು ಕೊಡಬೇಡಿ. ಮೊದಲನೆಯದರಲ್ಲಿ ಕೈ ಹೇಗೆ ಇಡಬೇಕು ಅನ್ನುವುದಕ್ಕೇ ಗಮನವೆಲ್ಲ ಹೋಗಿರುತ್ತದೆ. ಅದೇ ವಸ್ತುವನ್ನು, ಅದೇ ಅಳತೆಯಲ್ಲಿ ಇನ್ನೊಮ್ಮೆ ಮಾಡಿ. ಎರಡನೇ ಸಲವೂ ಗಡಿಯಾರ ನೋಡುತ್ತಾ ಕೂತಿದ್ದರೆ ಉಳಿದ ಸಾಮಾನನ್ನು ಬೇಕಾದವರಿಗೆ ಕೊಟ್ಟು ಮುಂದಿನದಕ್ಕೆ ಹೋಗಿ.